ನುಂಗದ ಮಾತ್ರೆ

ಆ ಆಸ್ಪತ್ರೆಯ ನೆಲಮಾಳಿಗೆಗೆ ಮೇಲಿನ ಮಹಡಿಗಳಿಂದ ಹೊಲಸು ಬಟ್ಟೆ ಬೀಳುವ ತಗಡಿನ ಕೊಳವೆಯೊಂದಿತ್ತು. ಆಪರೇಷನ್ ಕೋಣೆಯ ಹಾಸು, ಹೆರಿಗೆ ವಾರ್ಡಿನ ದುಪ್ಪಟಿ, ಸತ್ತವರ ಮೈಮೇಲಿಂದ ಎಳೆದ ಹೊದಿಕೆ, ಎಲ್ಲವೂ ಅದರೊಳಗಿಂದ ದಬದಬನೆ ಬಂದು ಬೀಳುತ್ತಿದ್ದವು. ಜೊತೆಗೆ ಸೂಜಿಯೂ ಬೀಳುತ್ತಿತ್ತು. ಚುಚ್ಚಿದ ಮೇಲೆ ಸೂಜಿಯನ್ನು ಡಬ್ಬಿಗೆ ಹಾಕಬೇಕು ಅಂತ ಮೇಲೆ ಗೋಡೆಗೆ ಬರೆದು ಹಾಕಿದ್ದರು. ಡಬ್ಬಿ ಕೋಣೆಯ ಆಚೆ ಮೂಲೆಯಲ್ಲಿರುತ್ತಿತ್ತು. ಹಾಸಿಗೆ ಕೈಗೆ ಹತ್ತಿರ. ಸೂಜಿ ದುಪ್ಪಟಿಯ ಮಡಿಕೆ ಸೇರಿ ಕೆಳಗಿಳಿದು, ಬಟ್ಟೆ ವಿಂಗಡಿಸುವ ಹೆಂಗಸರ ಕೈಗೆ ನಾಟುತ್ತಿತ್ತು. ಕೈಗವಸು ಕೊಡಿ ಅಂದರೆ ಸ್ಟೋರಿನವನು ನಗುತ್ತಿದ್ದ. ಯಾರ ಮದುವೆಗೆ ಹೊರಟಿದ್ದೀರಿ ಅಂತ ಕೇಳುತ್ತಿದ್ದ.

ಹೀಗೆ ಚುಚ್ಚಿಸಿಕೊಂಡವರಲ್ಲಿ ಗಂಜಿಯಕ್ಕನ ತಂಗಿಯೂ ಒಬ್ಬಳು.

ಗಂಜಿಯಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಡಾಕ್ಟರುಗಳ ಬಿಳಿ ಕೋಟುಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅವಳ ಕೆಲಸ. ಸೂಪರ್ವೈಸರ್ ಎಷ್ಟು ಕೂಗಾಡಿದರೂ ಬೆನ್ನು ಬಗ್ಗಿಸುತ್ತಿರಲಿಲ್ಲ. ಇವಳು ತಾಯಿ ಹೊಟ್ಟೆಯಲ್ಲೇ ಗಂಜಿ ಹಾಕಿಸಿಕೊಂಡು ಬಂದವಳು ಅಂತ ಜೊತೆಯವರು ಆಡಿಕೊಂಡರು, ಹೆಸರು ಅಂಟಿತು. ದಿನವಿಡೀ ಕುದಿಯುವ ಬಾಯ್ಲರಿನ ಪಕ್ಕದಲ್ಲಿ ನಿಲ್ಲಬೇಕು. ಬ್ಲೀಚಿಂಗ್ ಪುಡಿಯ ಘಾಟಿಗೆ ಮೂಗು ಸತ್ತುಹೋಗಿತ್ತು. ಬೆರಳ ಸಂದಿಯ ಚರ್ಮ ಬೆಂದು ಸುಲಿಯುತ್ತಿತ್ತು, ಬೆಳೆಯುತ್ತಿತ್ತು, ಮತ್ತೆ ಸುಲಿಯುತ್ತಿತ್ತು. ಊಟಕ್ಕೆ ಕೂತರೆ ಉಪ್ಪು ಹತ್ತಿ ಕೈ ಉರಿಯುತ್ತಿತ್ತು. ಆ ಕೈಯಲ್ಲೇ ತಾಯಿಯಿಲ್ಲದ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು.

ತಂಗಿ ಬಾಯಿಬಡುಕಿ. ಇಸ್ತ್ರಿಯಾದ ಕೋಟನ್ನು ಮೈಮೇಲೆ ಎಳೆದುಕೊಂಡು ದೊಡ್ಡ ಡಾಕ್ಟರ ಹಾಗೆ ಗಂಟಲು ಸರಿಮಾಡುತ್ತಾ ಲಾಂಡ್ರಿಯ ತುಂಬ ಓಡಾಡುವಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವರು. ಅಂಥವಳಿಗೆ ಒಂದು ದಿನ ಅನ್ನ ಕಂಡರೆ ವಾಕರಿಕೆ ಬಂತು. ಕಣ್ಣು ಹಳದಿಯಾಯಿತು. ಸೂಜಿಯಿಂದ ಬಂದ ಕಾಮಾಲೆ, ರಕ್ತದಲ್ಲಿ ಕೂತುಬಿಟ್ಟಿದೆ, ಲಿವರನ್ನು ಒಳಗೊಳಗೇ ತಿನ್ನುತ್ತಿದೆ ಅಂದರು. ಲಾಂಡ್ರಿಯಲ್ಲಿ ಅಂಥವರು ಇನ್ನೂ ಹಲವರಿದ್ದರು.

ಆಗಲೇ ದೊಡ್ಡ ಡಾಕ್ಟರಿಂದ ಕರೆ ಬಂತು. ಸಮುದ್ರದಾಚೆಯ ಕಂಪನಿಯೊಂದು ಈ ಕಾಯಿಲೆಗೆ ಮಾತ್ರೆ ಕಂಡುಹಿಡಿದಿದೆ, ಜನರ ಮೇಲೆ ಪ್ರಯೋಗ ಮಾಡಿ ನೋಡಬೇಕಾಗಿದೆ, ಬಂದರೆ ಔಷಧಿ ಪುಕ್ಕಟೆ ಅಂದರು. ತಂಗಿ ಹೋದಳು. ವಾರ ವಾರ ರಕ್ತ ಕೊಟ್ಟಳು. ಒಂದು ಸಲ ಹೊಟ್ಟೆಯ ಪಕ್ಕದಿಂದ ದಪ್ಪ ಸೂಜಿ ತೂರಿಸಿ ಲಿವರಿನ ಚೂರು ತೆಗೆದರು. ಮೊದಮೊದಲು ಮಾತ್ರೆಯ ಡೋಸು ಹೆಚ್ಚಾಗಿ, ಗೋಡೆ ಹಿಡಿದುಕೊಂಡು ನಡೆಯುವ ಹಾಗಾಯಿತು. ಡೋಸು ಇಳಿಸಿದರು. ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ಅವರು ಕಲಿತದ್ದೇ ಈ ಹೆಂಗಸರ ಮೈಮೇಲೆ. ಆಮೇಲೆ ಹಳದಿ ಇಳಿಯಿತು. ತಂಗಿ ತಟ್ಟೆ ಬಳಿದು ಉಂಡಳು. ಕೋಟು ಹಾಕಿಕೊಂಡು ಮತ್ತೆ ಗಂಟಲು ಸರಿಮಾಡಿದಳು.

ಪ್ರಯೋಗ ಮುಗಿಯಿತು. ಮಾತ್ರೆ ಪಾಸಾಯಿತು. ಪಾಸಾದ ವಾರವೇ ಇವರಿಗೆ ಕೊಡುವುದನ್ನು ನಿಲ್ಲಿಸಿದರು. ಇನ್ನು ಮೇಲೆ ಅಂಗಡಿಯಲ್ಲಿ ಕೊಂಡುಕೊಳ್ಳಿ ಅಂದರು. ಅಂಗಡಿಯಲ್ಲಿ ಬೆಲೆ ಕೇಳಿದ ಹೆಂಗಸರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಆಸ್ಪತ್ರೆ ಗೇಟಿನೆದುರಿನ ಔಷಧಿ ಅಂಗಡಿಯವನು ಮನುಷ್ಯತ್ವ ಇದ್ದವನು. ಊರಾಚೆಯ ಒಂದು ಫ್ಯಾಕ್ಟರಿಯವರು ಅದೇ ಮಾತ್ರೆಯನ್ನು ತಾವೇ ಮಾಡಿ ಅಗ್ಗಕ್ಕೆ ಮಾರುತ್ತಿದ್ದಾರೆ ಅಂತ ತಿಳಿದು ತರಿಸಿಕೊಟ್ಟ. ತಂಗಿ ಒಂದಷ್ಟು ತಿಂಗಳು ಅದನ್ನೇ ನುಂಗಿ ಬದುಕಿದಳು. ಕಂಪನಿಗೆ ಸುದ್ದಿ ಮುಟ್ಟಿತು. ಪೊಲೀಸರು ಬಂದು ಫ್ಯಾಕ್ಟರಿಗೆ ಬೀಗ ಜಡಿದರು. ಅಂಗಡಿಯಲ್ಲಿದ್ದ ಸ್ಟ್ರಿಪ್ಪುಗಳನ್ನೂ ಗೋಣಿಗೆ ತುಂಬಿಕೊಂಡು ಹೋದರು.

ಒಳ್ಳೇ ಮಾತ್ರೆಯನ್ನು ಯಾಕೆ ಹಿಡಿದುಕೊಂಡು ಹೋದರು ಅಂತ ಗಂಜಿಯಕ್ಕ ಕೇಳಿದಳು. ಅಂಗಡಿಯವನು ಬಿಡಿಸಿ ಹೇಳಿದ. ಕಂಪನಿಯವರು ಪೇಟೆಂಟ್ ತಗೊಂಡಿದ್ದಾರೆ, ಇಪ್ಪತ್ತು ವರ್ಷ ಅವರ ಹೊರತು ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಮೊದಲು ನಮ್ಮ ಕಾನೂನು ಹೀಗಿರಲಿಲ್ಲ. ತಯಾರಿಸುವ ವಿಧಾನ ಬೇರೆಯಾಗಿದ್ದರೆ ಅದೇ ಔಷಧಿಯನ್ನು ಯಾರು ಬೇಕಾದರೂ ಮಾಡಬಹುದಿತ್ತು. ಆಮೇಲೆ ದೊಡ್ಡ ದೇಶಗಳೆಲ್ಲ ಕೂತು ಕರಾರು ಬರೆದವು. ಒಪ್ಪದಿದ್ದರೆ ನಿಮ್ಮ ಸರಕು ನಮಗೆ ಬೇಡ ಅಂದವು. ನಮ್ಮವರು ಸಹಿ ಹಾಕಿ ಬಂದರು.

ಸಹಿ ಹಾಕುವ ಮುಂಚೆ ಯಾರನ್ನಾದರೂ ಕೇಳಿದರಾ ಅಂದಳು.

ನನ್ನನ್ನಂತೂ ಕೇಳಲಿಲ್ಲ ಅಂದ ಅಂಗಡಿಯವನು.

ಮಾತ್ರೆ ನಿಂತಿದ್ದೇ ತಡ ಕಾಯಿಲೆ ಎರಡರಷ್ಟು ಸಿಟ್ಟಿನಿಂದ ತಿರುಗಿ ಬಂತು. ತಂಗಿಯ ಹೊಟ್ಟೆ ನೀರು ತುಂಬಿ ಕೊಡದ ಹಾಗೆ ಉಬ್ಬಿತು. ಕೈಕಾಲು ಕಡ್ಡಿಯಾದವು. ಗಂಜಿಯಕ್ಕ ಕೆಲಸದ ಮಧ್ಯೆಯೇ, ಒದ್ದೆ ಏಪ್ರನ್ನಿನಲ್ಲೇ, ಮೇಲಿನ ಮಹಡಿಗೆ ಓಡಿದಳು. ಯಾರ ಕಾಲಿಗೂ ಬೀಳದವಳು ಅವತ್ತು ದೊಡ್ಡ ಡಾಕ್ಟರ ಕಾಲಿಗೆ ಬಿದ್ದಳು. ಅವರು ಗಾಬರಿಯಿಂದ ಹಿಂದೆ ಸರಿದರು. ಬೂಟಿಗೆ ನೀರು ತಾಗಿತ್ತು.

"ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ," ಅಂದರು. "ಒಂದು ಔಷಧಿ ಕಂಡುಹಿಡಿಯೋಕೆ ಎಷ್ಟು ಜನ, ಎಷ್ಟು ವರ್ಷ ತಲೆ ಕೆಡಿಸಿಕೊಂಡಿರ್ತಾರೆ ಗೊತ್ತಾ? ಪೇಟೆಂಟ್ ಅಂದ್ರೆ ಬುದ್ಧಿಗೆ ಕೊಡೋ ಕೂಲಿ."

"ಅದನ್ನ ಮೊದಲು ನುಂಗಿ ನೋಡಿದ ಮೈಗೆ ಏನು ಕೂಲಿ ಸ್ವಾಮಿ?"

ಡಾಕ್ಟರು ಗಡಿಯಾರ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ನರ್ಸು, ನೆಲವೆಲ್ಲ ಒದ್ದೆಯಾಗಿದೆ, ಒರೆಸಿ ಹೋಗು ಅಂದಳು. ಗಂಜಿಯಕ್ಕ ಒರೆಸಿದಳು. ಮಂಡಿಯೂರಿ, ಮೂಲೆ ಮೂಲೆ ಬಿಡದೆ ಒರೆಸಿದಳು. ಒರೆಸುತ್ತಿದ್ದಾಗ ಅವಳ ಎದೆಯೊಳಗೆ ಏನೋ ಒಂದು ಕಲ್ಲಿನ ಹಾಗೆ ಗಟ್ಟಿಯಾಯಿತು. ಅದು ಆಮೇಲೆ ಕರಗಲೇ ಇಲ್ಲ.

ತಂಗಿ ಎರಡನೇ ಮಹಡಿಯ ವಾರ್ಡಿನಲ್ಲಿ ಹೋದಳು. ಅಕ್ಕ ಆಗ ಕೆಳಗೆ ಕೆಲಸದಲ್ಲಿದ್ದಳು. ಸುದ್ದಿ ಬರುವ ಮುಂಚೆ ಕೊಳವೆಯಿಂದ ದುಪ್ಪಟಿ ಬಂತು. ಅದರಲ್ಲಿ ಸುತ್ತಿಕೊಂಡು ತಂಗಿಯ ರವಿಕೆಯೂ ಬಂತು. ಅಕ್ಕ ತಾನೇ ಹೊಲಿದು ಕೊಟ್ಟ ರವಿಕೆ. ಗಂಜಿಯಕ್ಕ ಮೇಲೆ ಹೋಗಿ ಹೆಣ ನೋಡಿ ಬಂದಳು. ಆಮೇಲೆ ಆ ದುಪ್ಪಟಿಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಕಲ್ಲಿಗೆ ಹಾಕಿ ಒಗೆದಳು. ಹೆಂಗಸರು ದೂರ ನಿಂತು ನೋಡಿದರು. ಬಟ್ಟೆ ಹರಿಯುವವರೆಗೂ ಬಡಿದಳು.

ವರ್ಷಗಳು ಕಳೆದವು. ಗಂಜಿಯಕ್ಕನ ಕೈಗೂ ಸೂಜಿ ನಾಟಿತು, ಅವಳ ರಕ್ತದಲ್ಲೂ ಕಾಮಾಲೆ ಕೂತಿತು. ಕಣ್ಣು ಇನ್ನೂ ಬೆಳ್ಳಗಿತ್ತು. ಆಗ ಮತ್ತೆ ಮೇಲಿನಿಂದ ಕರೆ ಬಂತು. ಅದೇ ಕಂಪನಿ, ಅದೇ ದೊಡ್ಡ ಡಾಕ್ಟರು, ಹೊಸ ಪ್ರಯೋಗ.

ಇದರ ಒಳಗುಟ್ಟನ್ನೂ ಹೇಳಿದವನು ಔಷಧಿ ಅಂಗಡಿಯವನೇ. ಕಂಪನಿಯ ಇಪ್ಪತ್ತು ವರ್ಷ ಮುಗಿಯುತ್ತಾ ಬಂದಿದೆ. ಮುಗಿದ ದಿನವೇ ಬೀಗ ಬಿದ್ದ ಫ್ಯಾಕ್ಟರಿ ಮತ್ತೆ ಮಾತ್ರೆ ಮಾಡಬಹುದು. ಅದಕ್ಕೇ ಕಂಪನಿಯವರು ಅದೇ ಮಾತ್ರೆಯಲ್ಲಿ ಔಷಧಿಗೆ ಕೂಡಿಸುವ ಒಂದು ರಾಸಾಯನಿಕ ಉಪ್ಪನ್ನಷ್ಟೇ ಬದಲಾಯಿಸಿ ಹೊಸದು ಅನ್ನುತ್ತಿದ್ದಾರೆ. ಹಳೆಯದಕ್ಕಿಂತ ಇದು ಮೇಲು ಅಂತ ತೋರಿಸಿಬಿಟ್ಟರೆ ಇನ್ನೊಂದು ಇಪ್ಪತ್ತು ವರ್ಷ. ಡಾಕ್ಟರುಗಳೆಲ್ಲ ಹೊಸದನ್ನೇ ಬರೆಯುತ್ತಾರೆ, ಹಳೆಯದನ್ನು ಕೇಳುವವರೇ ಇರುವುದಿಲ್ಲ. ತೋರಿಸಲು ಮತ್ತೆ ಮೈ ಬೇಕು. ನಿಮ್ಮದೇ ಮೈ.

ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ಗಂಜಿಯಕ್ಕ. ಹೆಂಗಸರು ಮುಖ ಮುಖ ನೋಡಿಕೊಂಡರು. ತಂಗಿಯನ್ನು ತಿಂದವರ ಬಾಗಿಲಿಗೆ ಇವಳೇ ಹೋಗಿ ನಿಂತಳಲ್ಲ ಅಂದರು.

ಅರ್ಧ ಜನರಿಗೆ ಹಳೇ ಮಾತ್ರೆ, ಅರ್ಧ ಜನರಿಗೆ ಹೊಸದು. ನೋಡಲು ಎರಡೂ ಒಂದೇ. ಪೊಟ್ಟಣದ ಮೇಲೆ ಅವರವರ ನಂಬರು ಮಾತ್ರ. ಯಾವ ನಂಬರಿನಲ್ಲಿ ಯಾವುದಿದೆ ಅನ್ನುವುದು ಕಂಪನಿಗೆ ಮಾತ್ರ ಗೊತ್ತು. ಮೊದಲ ಪೊಟ್ಟಣ ಸಿಕ್ಕಿದ ದಿನ ಊಟದ ಹೊತ್ತಿಗೆ ಗಂಜಿಯಕ್ಕ ಹೆಂಗಸರನ್ನೆಲ್ಲ ಬಾಯ್ಲರಿನ ಹಿಂದೆ ಕೂರಿಸಿಕೊಂಡಳು. ಬಾಯ್ಲರಿನ ಸದ್ದಿಗೆ ಅಲ್ಲಿ ಆಡಿದ ಮಾತು ಹೊರಗೆ ಕೇಳುತ್ತಿರಲಿಲ್ಲ.

"ನಿಮ್ಮ ನಿಮ್ಮ ಮಾತ್ರೆ ಇಲ್ಲಿ ಸುರೀರಿ," ಅಂದು ಸೋಪಿನ ಖಾಲಿ ಡಬ್ಬ ಮುಂದಿಟ್ಟಳು.

ದುಪ್ಪಟಿ ಮಡಿಸುವ ಅಜ್ಜಿ ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು. "ಇದು ಹೋದ್ರೆ ನಾನೂ ಹೋಗ್ತೀನಿ ಕಣೇ."

ಹೋಗುವುದಿಲ್ಲ ಅಂತ ಗಂಜಿಯಕ್ಕ ತಿಳಿಸಿ ಹೇಳಿದಳು. ಹಳೆಯದೂ ಕೆಲಸ ಮಾಡುತ್ತದೆ, ಹೊಸದೂ ಮಾಡುತ್ತದೆ, ಯಾವುದು ನುಂಗಿದರೂ ಜೀವಕ್ಕೆ ಮೋಸವಿಲ್ಲ. ಎಲ್ಲವನ್ನೂ ಕಲಸಿ ಹಂಚಿಕೊಂಡರೆ ಯಾರು ಯಾವುದನ್ನು ನುಂಗಿದರು ಅನ್ನುವುದು ದೇವರಿಗೂ ತಿಳಿಯುವುದಿಲ್ಲ. ಹಳೆಯದಕ್ಕಿಂತ ಹೊಸದು ಮೇಲು ಅಂತ ತೋರಿಸಲು ಅವರಿಗೆ ಆಗುವುದಿಲ್ಲ.

"ಮತ್ತೆ ನಿನ್ನ ಪಾಲು?" ಅಂದಳು ಅಜ್ಜಿ.

"ನನ್ನದು ಬಾಣಂತಿಗೆ."

ಬಾಣಂತಿ ಅಂದರೆ ತಂಗಿಯ ಜಾಗಕ್ಕೆ ವಿಂಗಡಿಸುವ ಮೇಜಿಗೆ ಬಂದವಳು. ಅವಳಿಗೂ ಕಾಮಾಲೆ. ಹಾಲುಣಿಸುವವಳು, ಅವಳನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ ಅಂತ ಪ್ರಯೋಗದವರು ವಾಪಸು ಕಳಿಸಿದ್ದರು.

"ನೀನು ಏನು ನುಂಗ್ತೀಯ?"

"ನಾನು ನುಂಗಲ್ಲ. ಅವರ ಲೆಕ್ಕ ಕೆಡಬೇಕಲ್ಲ, ನನ್ನ ಮೈಯಿಂದಲೇ ಕೆಡಲಿ."

ಅಜ್ಜಿ ಪೊಟ್ಟಣ ಬಿಚ್ಚಿ ಡಬ್ಬಕ್ಕೆ ಸುರಿದಳು. ಉಳಿದವರೂ ಸುರಿದರು. ಗಂಜಿಯಕ್ಕ ಕೈಹಾಕಿ ಕಲಸಿದಳು.

ಪ್ರತಿ ವಾರ ಹಾಗೇ ನಡೆಯಿತು. ತಪಾಸಣೆಯ ದಿನ ನರ್ಸಿನ ಕಣ್ಣೆದುರೇ ಒಂದು ಮಾತ್ರೆ ನುಂಗಬೇಕಿತ್ತು. ಗಂಜಿಯಕ್ಕ ಅದನ್ನು ನಾಲಿಗೆಯ ಅಡಿ ತಳ್ಳಿ, ನೀರು ಕುಡಿದು, ಬಾಯಿ ತೆರೆದು ತೋರಿಸುವಳು. ಮೆಟ್ಟಿಲು ಇಳಿಯುವಾಗ ಅಂಗೈಗೆ ಉಗುಳುವಳು. ಕಹಿ ಗಂಟಲಿಗಿಳಿಯುತ್ತಿತ್ತು. ಆ ಕಹಿ ಅವಳಿಗೆ ಹಿತವಾಗಿತ್ತು. ಬಾಣಂತಿಯ ಕೆನ್ನೆಗೆ ರಂಗು ಬಂತು. ಗಂಜಿಯಕ್ಕನ ಕಣ್ಣು ನಿಧಾನವಾಗಿ ಹಳದಿಗೆ ತಿರುಗಿತು. ಬಿಸಿ ಇಸ್ತ್ರಿಯನ್ನು ಎರಡೂ ಕೈಯಲ್ಲಿ ಎತ್ತಬೇಕಾಯಿತು. ಬಾಣಂತಿ ಒಂದು ದಿನ ಅಳುತ್ತಾ ಮಾತ್ರೆ ವಾಪಸು ಕೊಡಲು ಬಂದಳು. ಗಂಜಿಯಕ್ಕ ಅವಳನ್ನು ಗದರಿಸಿ ಕಳಿಸಿದಳು. ಇದು ನಿನ್ನ ಮೇಲಿನ ಪ್ರೀತಿಗೆ ಮಾಡುತ್ತಿರುವುದಲ್ಲ, ತಪ್ಪು ತಿಳಿಯಬೇಡ ಅಂದಳು. ಅದು ನಿಜವೂ ಆಗಿತ್ತು.

ವರ್ಷ ಕಳೆದು ಪ್ರಯೋಗ ಮುಗಿಯಿತು. ಆಸ್ಪತ್ರೆಯ ಸಭಾಂಗಣದಲ್ಲಿ ಸಮಾರಂಭ ಇಟ್ಟುಕೊಂಡರು. ಕಂಪನಿಯ ದೊಡ್ಡ ಅಧಿಕಾರಿ ವಿಮಾನದಲ್ಲಿ ಬಂದಿದ್ದ. ಫೋಟೋಕ್ಕೆ ಬೇಕು ಅಂತ ಲಾಂಡ್ರಿಯ ಹೆಂಗಸರನ್ನೂ ಕರೆಸಿದರು. ಫೋಟೋದವನು ಗಂಜಿಯಕ್ಕನ ಕಣ್ಣು ನೋಡಿ, ನೀವು ಹಿಂದಿನ ಸಾಲಿಗೆ ಹೋಗಿ ಅಂದ. ಹೋದಳು. ತಮ್ಮ ಲೆಕ್ಕ ಮಣ್ಣುಪಾಲಾಯಿತು ಅಂತ ಇವರು ಒಪ್ಪಿಕೊಳ್ಳುವುದನ್ನು ಕಿವಿಯಾರೆ ಕೇಳಬೇಕು ಅಂತ ಕಾದು ನಿಂತಳು.

ದೊಡ್ಡ ಡಾಕ್ಟರು ಎದ್ದು ಗಂಟಲು ಸರಿಮಾಡಿ, ಹೊಸ ಮಾತ್ರೆ ಅಮೋಘ ಯಶಸ್ಸು ಕಂಡಿದೆ ಅಂದರು. ಹಳೇ ಮಾತ್ರೆ ತಗೊಂಡವರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಮರುಕಳಿಸಿದೆ, ಹೊಸದು ತಗೊಂಡ ಪ್ರತಿಯೊಬ್ಬರೂ ಗುಣವಾಗಿದ್ದಾರೆ ಅಂದರು. ಚಪ್ಪಾಳೆ ಬಿತ್ತು.

ಗಂಜಿಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಕಲಸಿ ಹಂಚಿದ ಮಾತ್ರೆಯಲ್ಲಿ ಅಂಥ ವ್ಯತ್ಯಾಸ ಕಾಣಲು ಸಾಧ್ಯವೇ ಇರಲಿಲ್ಲ. ಅವರು ಬರೆಯಬೇಕಾದದ್ದನ್ನು ಮೊದಲೇ ಬರೆದಿಟ್ಟುಕೊಂಡಿದ್ದರು. ತಪಾಸಣೆಗೆ ಅಂತ ತೆಗೆದ ಇವಳ ರಕ್ತ ಪರೀಕ್ಷೆಯಾಗದೆ ಸಿಂಕಿಗೆ ಹೋಗಿತ್ತು. ಇಷ್ಟು ದಿನ ಮೈ ಸುಟ್ಟುಕೊಂಡು ಸೇಡು ತೀರಿಸುತ್ತಿದ್ದೇನೆ ಅಂದುಕೊಂಡಿದ್ದಳು, ಆ ಸೇಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತೇ ಅವಳು ನಕ್ಕಳು. ಅಜ್ಜಿ ಹೆದರಿ ಅವಳ ಮೊಣಕೈ ಹಿಡಿದುಕೊಂಡಳು.

ಗಂಜಿಯಕ್ಕ ಔಷಧಿ ಅಂಗಡಿಯವನಿಗೆ ಎಲ್ಲವನ್ನೂ ಹೇಳಿದಳು. ಅವನು ಕುಡಿಯುತ್ತಿದ್ದ ಟೀ ಕೆಳಗಿಟ್ಟ. ಕಂಪನಿ ಹೊಸ ಪೇಟೆಂಟಿಗೆ ಅರ್ಜಿ ಹಾಕಿದೆ, ಅದರ ವಿಚಾರಣೆ ಇದೆ, ಯಾರಿಗೆ ತಕರಾರಿದ್ದರೂ ಬಂದು ಹೇಳಬಹುದು ಅಂತ ತಿಳಿಸಿದ. ರೋಗಿಗಳ ಸಂಘದ ಪರವಾಗಿ ತಕರಾರು ಹಾಕಿದ್ದ ವಕೀಲೆಯ ಹತ್ತಿರ ಕರೆದುಕೊಂಡು ಹೋದ. ವಕೀಲೆ ಅರ್ಜಿಯ ಜೊತೆಗಿದ್ದ ಪ್ರಯೋಗದ ವರದಿಯಲ್ಲಿ ಅವಳ ನಂಬರು ಹುಡುಕಿ ನೋಡಿ, ಒಂದು ಎಚ್ಚರಿಕೆ ಹೇಳಿದಳು. ಬಾಯಿ ಬಿಟ್ಟರೆ ನಿನ್ನ ಮೇಲೂ ಕೇಸಾಗಬಹುದು, ಕೆಲಸ ಹೋಗಬಹುದು. ಅದನ್ನೆಲ್ಲ ಆಮೇಲೆ ನೋಡೋಣ, ದಿನ ಯಾವುದು ಹೇಳಿ ಅಂದಳು ಗಂಜಿಯಕ್ಕ.

ವಿಚಾರಣೆಯ ದಿನ ಬೆಳಗ್ಗೆ ಅವಳು ಏಪ್ರನ್ ಕೂಡ ಬಿಚ್ಚದೆ ಹೊರಟಳು. ಅಜ್ಜಿ ಹಿಂದೆ ಬಂದಳು. ಬಾಣಂತಿ ಮಗುವನ್ನು ಎತ್ತಿಕೊಂಡು ಬಂದಳು. ಆಮೇಲೆ ಎಲ್ಲರೂ ಬಂದರು. ಸೂಪರ್ವೈಸರ್ ಬಾಗಿಲಿಗೆ ಅಡ್ಡ ನಿಂತು, ಹೊಸ್ತಿಲು ದಾಟಿದವರು ನಾಳೆ ಬರುವ ಅಗತ್ಯವಿಲ್ಲ ಅಂದ. ಗಂಜಿಯಕ್ಕ ವಾಪಸು ಹೋಗಿ ಬಾಯ್ಲರ್ ಆರಿಸಿ ಬಂದಳು.

"ಇವತ್ತಿನ ಬಟ್ಟೆ ನೀನೇ ಒಗಿ. ಸೂಜಿ ಇರತ್ತೆ, ನೋಡ್ಕೊಂಡು ಕೈಹಾಕು."

ಅವನು ಪಕ್ಕಕ್ಕೆ ಸರಿದ.

ವಿಚಾರಣೆಯ ಕೋಣೆ ಚಿಕ್ಕದು, ತಣ್ಣಗಿತ್ತು. ಎತ್ತರದ ಮೇಜಿನ ಹಿಂದೆ ಅಧಿಕಾರಿ. ಒಂದು ಕಡೆ ಕಂಪನಿಯ ವಕೀಲರು ಸಾಲಾಗಿ ಕೂತಿದ್ದರು, ಅವರ ಪಕ್ಕದಲ್ಲಿ ದೊಡ್ಡ ಡಾಕ್ಟರು. ಅವರ ಮೈಮೇಲಿದ್ದದ್ದು ಗಂಜಿಯಕ್ಕನೇ ಇಸ್ತ್ರಿ ಮಾಡಿದ ಕೋಟು. ಡಾಕ್ಟರು ಪ್ರಯೋಗದ ಫಲವನ್ನು ವಿವರಿಸಿ ಕೂತರು. ವಕೀಲೆ ಗಂಜಿಯಕ್ಕನನ್ನು ಕರೆದಳು. ಬಟ್ಟೆ ಒಗೆಯುವ ಹೆಂಗಸಿಗೆ ಔಷಧಶಾಸ್ತ್ರದ ಬಗ್ಗೆ ಹೇಳಲು ಏನಿದೆ ಅಂತ ಕಂಪನಿಯ ವಕೀಲ ತಕರಾರು ತೆಗೆದ. ಅಧಿಕಾರಿ, ಕೇಳೋಣ ಅಂದ.

ಗಂಜಿಯಕ್ಕ ತನ್ನ ಪೊಟ್ಟಣದ ನಂಬರು ಹೇಳಿ, ವರದಿಯಲ್ಲಿ ಆ ನಂಬರಿನ ಮುಂದೆ ಏನು ಬರೆದಿದೆ ಓದಿ ಅಂದಳು. ಅಧಿಕಾರಿಯೇ ಓದಿದ. ಹೊಸ ಮಾತ್ರೆ, ಪೂರ್ತಿ ಗುಣ, ರಕ್ತದಲ್ಲಿ ಕಾಯಿಲೆಯ ಗುರುತಿಲ್ಲ.

ಗಂಜಿಯಕ್ಕ ಕಿಟಕಿಯ ಬೆಳಕಿಗೆ ಹೋಗಿ ನಿಂತಳು. ಬೆರಳಿನಿಂದ ಕಣ್ಣ ಕೆಳರೆಪ್ಪೆ ಎಳೆದು ಹಿಡಿದಳು.

"ನೋಡಿ ಸ್ವಾಮಿ. ಇದೇ ನಾನು ಗುಣವಾಗಿರೋದು."

ಅವಳು ಎಲ್ಲವನ್ನೂ ಹೇಳಿದಳು. ಸೋಪಿನ ಡಬ್ಬ, ಕಲಸಿದ್ದು, ಹಂಚಿದ್ದು, ಅಂಗೈಗೆ ಉಗುಳಿದ್ದು. ಬಾಗಿಲ ಹತ್ತಿರ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಹೌದು ಅಂದರು. ಕಂಪನಿಯ ವಕೀಲ ಎದ್ದು ನಿಂತ. ಈಕೆ ತಾನೇ ಒಪ್ಪಿಕೊಳ್ಳುತ್ತಿದ್ದಾಳೆ, ಪ್ರಯೋಗಕ್ಕೆ ಮೋಸ ಮಾಡಿದ್ದಾಳೆ, ಇದು ಅಪರಾಧ ಅಂದ.

"ಹೌದು, ಮೋಸ ಮಾಡಿದೀನಿ," ಅಂದಳು ಗಂಜಿಯಕ್ಕ. "ಬೇಕಂತಲೇ ಮಾಡಿದೀನಿ. ಕೇಸ್ ಹಾಕಿ, ಜೈಲಿಗೆ ಕಳಿಸಿ. ಆದ್ರೆ ನುಂಗದೇ ಇರೋ ಮಾತ್ರೆಯಿಂದ ನನಗೆ ವಾಸಿಯಾಯ್ತು ಅಂತ ಬರೆದೋರು ಯಾರು? ಮೊದಲು ಅದನ್ನ ಹೇಳಿ."

ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಮೇಜು ನೋಡುತ್ತಿದ್ದರು. ಗಂಜಿಯಕ್ಕ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ಮುಖದ ಬಣ್ಣ ಇಳಿಯುವುದನ್ನು ಪೂರ್ತಿ ನೋಡಿದಳು. ಹಸಿದವಳು ಉಣ್ಣುವ ಹಾಗೆ ನೋಡಿದಳು.

ಅಧಿಕಾರಿ ಆವತ್ತೇ ಸರ್ಕಾರಿ ಲ್ಯಾಬಿನವರನ್ನು ಕರೆಸಿ ಅವಳ ರಕ್ತ ತೆಗೆಸಿದ. ರಕ್ತ ಸುಳ್ಳು ಹೇಳಲಿಲ್ಲ. ಹೊಸ ಪೇಟೆಂಟ್ ಸಿಗಲಿಲ್ಲ. ಕಂಪನಿಯವರು, ತಪ್ಪೆಲ್ಲ ಇಲ್ಲಿನ ಡಾಕ್ಟರದು, ತಮಗೇನೂ ಗೊತ್ತಿಲ್ಲ ಅಂತ ಹೇಳಿಕೆ ಕೊಟ್ಟು ಗಂಟುಮೂಟೆ ಕಟ್ಟಿದರು. ಅವರ ಕೂದಲೂ ಕೊಂಕಲಿಲ್ಲ. ಡಾಕ್ಟರ ಮೇಲೆ ಪೊಲೀಸು ಕೇಸಾಯಿತು. ಗಂಜಿಯಕ್ಕನ ಮೇಲೂ ಒಂದು ಕೇಸು ಬಿತ್ತು, ಕೆಲಸವೂ ಹೋಯಿತು. ಉಳಿದ ಹೆಂಗಸರನ್ನು ತೆಗೆದರೆ ಬಟ್ಟೆ ಒಗೆಯುವವರಿಲ್ಲ ಅಂತ ಇಟ್ಟುಕೊಂಡರು.

ಅಷ್ಟರಲ್ಲಿ ಅವಳ ಹೊಟ್ಟೆ ಉಬ್ಬತೊಡಗಿತ್ತು. ವಾರ್ಡಿಗೆ ಸೇರಿಸಿದರು. ಅಲ್ಲಿಗೊಂದು ಮಧ್ಯಾಹ್ನ ದೊಡ್ಡ ಡಾಕ್ಟರು ಬಂದರು. ಕೋಟಿರಲಿಲ್ಲ, ಶರಟು ಮುದುರಿತ್ತು. ಸ್ಟೂಲು ಎಳೆದುಕೊಂಡು ಕೂತು ಮೆಲ್ಲಗೆ ಮಾತಾಡಿದರು. ಕಂಪನಿಯವರು ಹೇಳಿದ ಹಾಗೆ ಬರೆದೆ, ನನಗೂ ಸಂಸಾರವಿದೆ, ನಂಬರು ಸರಿಯಾಗಿ ನೆನಪಿಲ್ಲ ಅಂತ ಪೊಲೀಸರ ಮುಂದೆ ಒಂದು ಮಾತು ಹೇಳಿದರೆ ಸಾಕು ಅಂದರು. ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು ದಿಂಬಿನ ಪಕ್ಕ ಇಟ್ಟರು. ಕಂಪನಿಯ ಮಾತ್ರೆ. ತಿಂಗಳುಗಟ್ಟಲೆ ಆಗುವಷ್ಟಿತ್ತು.

ಗಂಜಿಯಕ್ಕ ಮೊಣಕೈ ಊರಿ ಎದ್ದು ಕೂತಳು.

"ನನ್ನ ತಂಗಿ ಹೆಸರು ಹೇಳಿ. ನೀವು ಹೇಳಿದ ಹಾಗೇ ಹೇಳ್ತೀನಿ."

ಡಾಕ್ಟರು ಹಣೆ ಒತ್ತಿಕೊಂಡು ಯೋಚಿಸಿದರು. ವಾರ ವಾರ ತಂಗಿಯ ರಕ್ತ ತೆಗೆಸಿದವರು, ಲಿವರಿನ ಚೂರು ತೆಗೆದವರು, ಎಷ್ಟು ಯೋಚಿಸಿದರೂ ಹೆಸರು ಬರಲಿಲ್ಲ. ಗಂಜಿಯಕ್ಕ ಕಾದಳು. ಅವಳಿಗೆ ಅವಸರವಿರಲಿಲ್ಲ. ಕೊನೆಗೆ ಅವರು ಎದ್ದರು. ಅವಳು ಡಬ್ಬಿಯನ್ನು ಅವರ ಕೈಗೆ ವಾಪಸು ಇಟ್ಟಳು.

"ನಿಮಗೇ ಬೇಕಾಗತ್ತೆ, ಇಟ್ಕೊಳ್ಳಿ. ಜೈಲಲ್ಲಿ ಸೂಜಿ ತೊಳೆಯಲ್ವಂತೆ."

ಬಾಣಂತಿ ಅವಳನ್ನು ಬೈದಳು. ಜೀವ ಉಳಿಸುವ ಮಾತ್ರೆಯನ್ನು ಯಾರಾದರೂ ವಾಪಸು ಕೊಡುತ್ತಾರಾ ಅಂದಳು. ಗಂಜಿಯಕ್ಕ ಗೋಡೆ ಕಡೆ ತಿರುಗಿ ಮಲಗಿದಳು.

ಮುಂದಿನ ತಿಂಗಳು ಕಂಪನಿಯ ಇಪ್ಪತ್ತು ವರ್ಷ ಮುಗಿಯಿತು. ಊರಾಚೆಯ ಫ್ಯಾಕ್ಟರಿಯ ಬೀಗ ತೆಗೆದರು. ಔಷಧಿ ಅಂಗಡಿಯವನು ಮೊದಲ ಸ್ಟ್ರಿಪ್ಪನ್ನು ತಾನೇ ವಾರ್ಡಿಗೆ ತಂದು, ಬಿಡಿಸಿ ಅವಳ ಬಾಯಿಗೆ ಹಾಕಿದ. ಅವಳು ನುಂಗಿದಳು. ಉಳಿಯುವುದು ಅನುಮಾನ ಅಂದಿದ್ದವರೆದುರೇ ಉಳಿದಳು. ಮೈ ಮೊದಲಿನ ಹಾಗೆ ತುಂಬಿಕೊಳ್ಳಲಿಲ್ಲ. ಕಣ್ಣಿನ ಹಳದಿಯೂ ಪೂರ್ತಿ ಹೋಗಲಿಲ್ಲ.

ಡಾಕ್ಟರ ಕೇಸು ಇನ್ನೂ ನಡೆಯುತ್ತಿದೆ. ಕೋರ್ಟಿನ ಪ್ರತಿ ವಾಯಿದೆಗೂ ಅವಳು ಹೋಗುತ್ತಾಳೆ. ಸಾಕ್ಷಿ ಹೇಳುವ ದಿನವಲ್ಲದಿದ್ದರೂ ಹೋಗುತ್ತಾಳೆ. ಆಯಾಸವಾದರೆ ಮೆಟ್ಟಿಲಲ್ಲಿ ಕೂತು, ಉಸಿರು ತಗೊಂಡು, ಮತ್ತೆ ಹತ್ತುತ್ತಾಳೆ. ಅವರ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಅವರಿಗೆ ವಯಸ್ಸಾಗಿದೆ, ಹೆಂಡತಿ ಮನೆ ಬಿಟ್ಟು ಹೋದಳಂತೆ. ಇಷ್ಟು ಸಾಕು, ಇನ್ನು ಬಿಟ್ಟುಬಿಡು ಅಂತ ಅಜ್ಜಿ ಒಮ್ಮೆ ಕೋರ್ಟಿನ ಜಗಲಿಯಲ್ಲೇ ಅವಳ ಕೈ ಹಿಡಿದು ಕೇಳಿಕೊಂಡಳು.

"ಸಾಕು ಅನ್ನಬೇಕಾದೋಳು ನಾನಲ್ಲ," ಅಂದಳು ಗಂಜಿಯಕ್ಕ. "ಅನ್ನಬೇಕಾದೋಳು ಇಲ್ಲ."

ಒಳಗೆ ಕೇಸಿನ ನಂಬರು ಕೂಗಿದರು. ಅವಳು ಅಜ್ಜಿಯ ಕೈ ಬಿಡಿಸಿಕೊಂಡು ಒಳಗೆ ಹೋದಳು.